ಉಸಿರಿನ ದಾರಿಯನ್ನು ಮರಳಿ ಕಟ್ಟಿದವರು

1790ರಲ್ಲಿ ಕೊಪ್ಪಳದ ಕೋಟೆಗೆ ಮುತ್ತಿಗೆ ಬಿತ್ತು. ಕೋಟೆಯೊಳಗೆ ಟಿಪ್ಪು ಸುಲ್ತಾನನ ಪಡೆ. ಹೊರಗೆ ಹೈದರಾಬಾದಿನ ನಿಜಾಮನ ಸೈನ್ಯ, ಅದರ ಬೆನ್ನಿಗೆ ಈಸ್ಟ್ ಇಂಡಿಯಾ ಕಂಪನಿಯ ತುಕಡಿಗಳು. ನಾಲ್ಕು ವರ್ಷಗಳ ಹಿಂದಷ್ಟೇ ಪಾಳೇಗಾರನ ಕೈಯಿಂದ ಕೋಟೆಯನ್ನು ಕಿತ್ತುಕೊಂಡಿದ್ದ ಟಿಪ್ಪು ಫ್ರೆಂಚ್ ಇಂಜಿನಿಯರುಗಳನ್ನು ಕರೆಸಿ ಅದನ್ನು ಭದ್ರಪಡಿಸಿದ್ದ. ತಿಂಗಳುಗಟ್ಟಲೆ ಫಿರಂಗಿ ಹಾರಿಸಿದ ಮೇಲೆಯೇ ಅದು ಶರಣಾದದ್ದು. ಮುತ್ತಿಗೆಯಲ್ಲಿದ್ದ ತರುಣ ಅಧಿಕಾರಿ ಜಾನ್ ಮಾಲ್ಕಂ, ಹಿಂದೂಸ್ತಾನದಲ್ಲಿ ತಾನು ಕಂಡ ಕೋಟೆಗಳಲ್ಲೆಲ್ಲ ಇದೇ ಬಲಿಷ್ಠವಾದದ್ದು ಎಂದು ದಾಖಲಿಸಿದ.

ಮೂರನೆಯ ಮೈಸೂರು ಯುದ್ಧದ ಈ ಅಧ್ಯಾಯ ನಮ್ಮ ಶಾಲಾಪುಸ್ತಕಗಳಲ್ಲಿದೆ. ಅದೇ ಯುದ್ಧ ಪ್ರಪಂಚದ ವೈದ್ಯಶಾಸ್ತ್ರಕ್ಕೆ ಒಂದು ಪಾಠವನ್ನೂ ಮುಟ್ಟಿಸಿತು. ಆ ಸಂಗತಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಇವತ್ತು ಕೊಪ್ಪಳದ ಬಳಿಯ ಗಿಣಿಗೇರಾದ ಕಾರ್ಮಿಕನೊಬ್ಬ ಗಂಟಲಿನ ಗಡ್ಡೆ ತೆಗೆಸಿಕೊಂಡು, ಎದೆಯ ಚರ್ಮದಿಂದ ಕಟ್ಟಿದ ಹೊಸ ಗಂಟಲಿನಲ್ಲಿ ಅನ್ನ ನುಂಗುತ್ತಿದ್ದರೆ, ಆ ಶಸ್ತ್ರಚಿಕಿತ್ಸೆಯ ಹಿಂದಿರುವ ವಿಚಾರ ಇದೇ ಮೈಸೂರು ಸೀಮೆಯ ರಣಭೂಮಿಯನ್ನು ಹಾದು ಲೋಕಕ್ಕೆ ಹೋದದ್ದು.

ಎತ್ತಿನ ಗಾಡಿಯವನ ಮೂಗು

ಕಾವಾಸಜಿ ಎಂಬ ಮರಾಠಿ ಒಕ್ಕಲಿಗ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವ ಕೆಲಸಕ್ಕಿದ್ದ. 1792ರ ಕಾಳಗದಲ್ಲಿ ಟಿಪ್ಪುವಿನ ಪಡೆಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಬದುಕಿದ ಮೇಲೆ, ಪುಣೆಯ ಬಳಿ ಇಟ್ಟಿಗೆ ಸುಡುವ ಕುಲದ ಒಬ್ಬಾತ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಮುಂಬಯಿ ಪ್ರಾಂತ್ಯದ ಇಬ್ಬರು ಶಸ್ತ್ರವೈದ್ಯರು, ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ, ಈ ಶಸ್ತ್ರಕ್ರಿಯೆಯನ್ನು ಕಣ್ಣಾರೆ ಕಂಡರು. ಅದರ ವಿವರ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ನಲ್ಲಿ ಕಾವಾಸಜಿಯ ಚಿತ್ರದೊಂದಿಗೆ ಅಚ್ಚಾಯಿತು.

ವಿಧಾನ ಹೀಗಿತ್ತು. ಮೊದಲು ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆಯಾಗಿ ಹಣೆಯ ಮೇಲೆ ಹರಡಿ, ಸುತ್ತ ಗೆರೆ ಎಳೆಯುವುದು. ಗೆರೆಯೊಳಗಿನ ಚರ್ಮವನ್ನು ಬಿಡಿಸುವುದು; ಎರಡು ಹುಬ್ಬುಗಳ ನಡುವೆ ಮಾತ್ರ ಸಣ್ಣ ತೊಟ್ಟಿನಷ್ಟು ಚರ್ಮವನ್ನು ಕತ್ತರಿಸದೆ ಉಳಿಸುವುದು. ಆ ತೊಟ್ಟಿನ ಮೇಲೆ ಚರ್ಮವನ್ನು ತಿರುಗಿಸಿ ಮೂಗಿನ ಜಾಗಕ್ಕೆ ತಂದು ಕೂಡಿಸುವುದು. ಹತ್ತನೆಯ ದಿನ ಹೊಳ್ಳೆಗಳಲ್ಲಿ ಮೆತ್ತನೆಯ ಬಟ್ಟೆಯ ತುಂಡುಗಳನ್ನಿಟ್ಟು ಉಸಿರಿನ ದಾರಿ ಮುಚ್ಚದಂತೆ ಕಾಯುವುದು. ಸುಮಾರು 25ನೆಯ ದಿನಕ್ಕೆ ತೊಟ್ಟನ್ನು ಕತ್ತರಿಸುವುದು. ಅಷ್ಟರಲ್ಲಿ ಹೊಸ ಜಾಗದ ರಕ್ತನಾಳಗಳು ಆ ಚರ್ಮದೊಳಕ್ಕೆ ಬೇರುಬಿಟ್ಟಿರುತ್ತವೆ. ತೊಟ್ಟಿನ ರಕ್ತ ಇನ್ನು ಬೇಕಿಲ್ಲ.

ಇದಕ್ಕೂ ಬಹಳ ಹಿಂದೆ ಸುಶ್ರುತ ಸಂಹಿತೆ ಮೂಗಿನ ಅಳತೆಗೆ ಎಲೆ ಕತ್ತರಿಸಿ, ಕೆನ್ನೆಯ ಚರ್ಮವನ್ನು ತಿರುಗಿಸಿ ಮೂಗು ಕಟ್ಟುವುದನ್ನು ಹೇಳಿತ್ತು. ಉಸಿರಾಟಕ್ಕಾಗಿ ಎರಡು ನಳಿಗೆಗಳನ್ನು ಒಳಗಿಡಬೇಕು ಎಂಬ ಸೂಚನೆಯೂ ಅದರಲ್ಲಿದೆ. ಹೊರಗಿನ ಆಕಾರವಷ್ಟೇ ಸಾಲದು, ಒಳಗೆ ಗಾಳಿ ಆಡಬೇಕು ಎಂಬ ತಿಳಿವಳಿಕೆ ಅಷ್ಟು ಹಳೆಯದು.

ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಪತ್ರಿಕೆಯಲ್ಲಿ ಬಂದ ವರದಿಯನ್ನು ಕೈಬಿಡಲಿಲ್ಲ. ವರ್ಷಗಳ ಕಾಲ ಅದನ್ನು ಅಭ್ಯಾಸ ಮಾಡಿ 1814ರಲ್ಲಿ ತಾನೇ ಈ ಶಸ್ತ್ರಕ್ರಿಯೆ ನಡೆಸಿದ, 1816ರಲ್ಲಿ ಪುಸ್ತಕ ಬರೆದ. ಯುರೋಪಿನಲ್ಲಿ ಅದು ‘ಭಾರತೀಯ ವಿಧಾನ’ ಎಂದೇ ಹೆಸರಾಯಿತು. ಪುಣೆಯ ಆ ಕುಶಲಕರ್ಮಿಯ ಹೆಸರು ಮಾತ್ರ ಯಾವ ದಾಖಲೆಗೂ ಸೇರಲಿಲ್ಲ. ಆತ ಲೋಕಕ್ಕೆ ಕಲಿಸಿದ ಸೂತ್ರ ಉಳಿಯಿತು: ದೇಹದ ಒಂದು ಭಾಗ ಹೋದರೆ ಅದೇ ದೇಹದ ಇನ್ನೊಂದು ಭಾಗದಿಂದ, ರಕ್ತದ ಹರಿವು ಕಡಿಯದ ಹಾಗೆ, ಅದನ್ನು ಮತ್ತೆ ಕಟ್ಟಬಹುದು.

ವಿಯೆನ್ನಾದ ಡಿಸೆಂಬರ್

ಮೂಗು ಕಣ್ಣಿಗೆ ಕಾಣುವ ಅಂಗ. ಗಂಟಲು ಹಾಗಲ್ಲ. ಜೀವಂತ ಮನುಷ್ಯನ ಧ್ವನಿಪೆಟ್ಟಿಗೆಯನ್ನು ಕಣ್ಣಿನಿಂದ ನೋಡಲು ಸಾಧ್ಯವಾದದ್ದೇ 1854ರ ನಂತರ. ಅದನ್ನು ಸಾಧಿಸಿದವನು ವೈದ್ಯನಲ್ಲ, ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು. ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟು, ಸೂರ್ಯನ ಬೆಳಕನ್ನು ಅದರ ಮೇಲೆ ಬೀಳಿಸಿ ತನ್ನದೇ ಸ್ವರತಂತುಗಳ ಚಲನೆಯನ್ನು ಕಂಡ. ಕಂಡ ಮೇಲೆ ಗಡ್ಡೆಗಳೂ ಕಂಡವು. ಕಂಡ ಗಡ್ಡೆಯನ್ನು ತೆಗೆಯುವುದು ಹೇಗೆಂಬ ಪ್ರಶ್ನೆ ಮುಂದೆ ನಿಂತಿತು.

1873ರ ಡಿಸೆಂಬರ್ 31ರಂದು ವಿಯೆನ್ನಾದಲ್ಲಿ ಥಿಯೋಡೋರ್ ಬಿಲ್ರೋತ್, 36 ವರ್ಷದ ಒಬ್ಬ ಧರ್ಮಬೋಧಕನ ಇಡೀ ಧ್ವನಿಪೆಟ್ಟಿಗೆಯನ್ನು ಕ್ಯಾನ್ಸರಿಗಾಗಿ ತೆಗೆದುಹಾಕಿದ. ಈ ರೋಗಕ್ಕೆ ಮಾಡಿದ ಇಂಥ ಮೊದಲ ಶಸ್ತ್ರಚಿಕಿತ್ಸೆ ಎಂದು ಇತಿಹಾಸ ಅದನ್ನು ಗುರುತಿಸುತ್ತದೆ. ಧರ್ಮ ಬೋಧಿಸಿ ಬದುಕುತ್ತಿದ್ದ ಮನುಷ್ಯ ದನಿಯಿಲ್ಲದೆ ಏನು ಮಾಡಿಯಾನು? ಬಿಲ್ರೋತ್‌ನ ಸಹಾಯಕ ಕಾರ್ಲ್ ಗುಸೆನ್‌ಬೌರ್ ಲೋಹದ ಪೀಪಿ ಅಳವಡಿಸಿದ ಕೃತಕ ಧ್ವನಿಪೆಟ್ಟಿಗೆಯೊಂದನ್ನು ತಯಾರಿಸಿದ. ರೋಗಿ ಮಾತಾಡಿದ. ಆದರೆ ಕೆಲವೇ ತಿಂಗಳಲ್ಲಿ ಕ್ಯಾನ್ಸರ್ ಮರುಕಳಿಸಿ ತೀರಿಕೊಂಡ. ಗಡ್ಡೆ ತೆಗೆಯುವುದೂ ಕಳೆದದ್ದನ್ನು ಕಟ್ಟಿಕೊಡುವುದೂ ಒಂದೇ ಕೆಲಸದ ಎರಡು ಭಾಗಗಳು ಎಂಬುದನ್ನು ಈ ಇಬ್ಬರು ಮೊದಲ ಪ್ರಯತ್ನದಲ್ಲೇ ಒಪ್ಪಿಕೊಂಡಿದ್ದರು. ಅದು ದೊಡ್ಡ ಮಾತು.

ಆ ಕಾಲದ ಇಂಥ ಶಸ್ತ್ರಚಿಕಿತ್ಸೆಗಳಲ್ಲಿ ಬದುಕಿ ಉಳಿದವರು ಕಡಿಮೆ. ಕಾರಣ ಗಂಟಲಿನ ರಚನೆಯಲ್ಲೇ ಇದೆ. ಗಾಳಿಯ ದಾರಿ ಮತ್ತು ಅನ್ನದ ದಾರಿ ಗಂಟಲಿನಲ್ಲಿ ಕೂಡಿ, ಅಲ್ಲಿಂದ ಕೆಳಗೆ ಬೇರೆಯಾಗುತ್ತವೆ. ನುಂಗುವಾಗ ಅನ್ನ ಗಾಳಿಯ ದಾರಿಗೆ ಹೋಗದಂತೆ ತಡೆಯುವ ಕಾವಲುಗಾರನೇ ಧ್ವನಿಪೆಟ್ಟಿಗೆ. ಅದನ್ನು ತೆಗೆದರೆ ಎಂಜಲು, ಕೀವು, ನೀರು ನೇರವಾಗಿ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತಿತ್ತು. ಜರ್ಮನಿಯ ಥೆಮಿಸ್ಟೊಕ್ಲಿಸ್ ಗ್ಲುಕ್ ಇದಕ್ಕೆ ಪರಿಹಾರ ಕಂಡ. ಶ್ವಾಸನಾಳದ ಮೇಲ್ತುದಿಯನ್ನು ಕತ್ತಿನ ಮುಂಭಾಗಕ್ಕೆ ತಂದು ಚರ್ಮಕ್ಕೆ ಹೊಲಿದು, ಗಾಳಿಯ ದಾರಿಯನ್ನು ಅನ್ನದ ದಾರಿಯಿಂದ ಪೂರ್ತಿ ಬೇರೆ ಮಾಡಿಬಿಟ್ಟ. ಇವತ್ತಿಗೂ ಧ್ವನಿಪೆಟ್ಟಿಗೆ ತೆಗೆದವರು ಕತ್ತಿನ ಬುಡದ ತೂತಿನಿಂದಲೇ ಉಸಿರಾಡುತ್ತಾರೆ.

ಈ ರೋಗದ ಮುಂದೆ ಅರಸರೂ ಅಸಹಾಯಕರಾಗಿದ್ದರು. ಜರ್ಮನಿಯ ಯುವರಾಜ ಫ್ರೆಡ್ರಿಕ್‌ಗೆ 1887ರಲ್ಲಿ ದನಿ ಒಡೆಯಿತು. ಅದು ಕ್ಯಾನ್ಸರೋ ಅಲ್ಲವೋ ಎಂದು ದೇಶದೇಶಗಳ ವೈದ್ಯರು ವಾದಿಸುತ್ತಿದ್ದಂತೆ ತಿಂಗಳುಗಳು ಕಳೆದವು. 1888ರ ಫೆಬ್ರವರಿಯಲ್ಲಿ ಉಸಿರುಗಟ್ಟಿದಾಗ ಕತ್ತಿಗೆ ತೂತು ಮಾಡಿ ನಳಿಗೆ ಇಟ್ಟರು. ಮಾರ್ಚಿನಲ್ಲಿ ಸಿಂಹಾಸನವೇರಿದ ಚಕ್ರವರ್ತಿ ಚೀಟಿಯಲ್ಲಿ ಬರೆದು ಅಪ್ಪಣೆ ಕೊಡಬೇಕಾಯಿತು. 99 ದಿನ ಆಳಿ ಜೂನ್ 15ರಂದು ತೀರಿಕೊಂಡ.

ಎದೆಯ ಚರ್ಮ, ಗಂಟಲಿನ ಗೋಡೆ

ಗ್ಲುಕ್ ತೋರಿಸಿದ ದಾರಿಯಿಂದ ಜನ ಬದುಕತೊಡಗಿದರು. ಆದರೆ ಗಡ್ಡೆ ದೊಡ್ಡದಾಗಿದ್ದರೆ ಧ್ವನಿಪೆಟ್ಟಿಗೆಯ ಜತೆ ಅನ್ನದ ದಾರಿಯ ಗೋಡೆಯನ್ನೂ ಕತ್ತರಿಸಬೇಕು. ಹಾಗೆ ಉಳಿದ ದೊಡ್ಡ ಹಳ್ಳವನ್ನು ಮುಚ್ಚುವುದೆಂತು? ಆಗ ವೈದ್ಯರ ನೆರವಿಗೆ ಬಂದದ್ದು ಕಾವಾಸಜಿಯ ಹಣೆಯ ಮೇಲೆ ನಡೆದ ಅದೇ ಯುಕ್ತಿ.

ಗ್ಲಾಸ್ಗೋದ ಇಯಾನ್ ಮೆಕ್‌ಗ್ರೆಗರ್ 1963ರಲ್ಲಿ ಹಣೆಯ ಚರ್ಮವನ್ನು ತೊಟ್ಟಿನ ಸಮೇತ ತಿರುಗಿಸಿ ಬಾಯೊಳಗಿನ ಕ್ಯಾನ್ಸರ್ ತೆಗೆದ ಜಾಗಕ್ಕೆ ಹಾಕುವುದನ್ನು ವಿವರಿಸಿದ. ಅಮೆರಿಕದ ಬಫಲೋದಲ್ಲಿ ವಾಹ್ರಾಮ್ ಬಕಂಜಿಯನ್ 1965ರಲ್ಲಿ ಎದೆಯ ಮೇಲ್ಭಾಗದ ಚರ್ಮವನ್ನು ಎತ್ತಿ, ಕೊಳವೆಯಂತೆ ಸುತ್ತಿ ಗಂಟಲು ಮತ್ತು ಅನ್ನನಾಳದ ನಡುವೆ ಕೂಡಿಸಿದ. ಕೆಲವು ವಾರ ಕಾದು ಎರಡನೆಯ ಹಂತದಲ್ಲಿ ತೊಟ್ಟನ್ನು ಕತ್ತರಿಸಿದ. ಪುಣೆಯ ಕುಶಲಕರ್ಮಿ 25 ದಿನ ಕಾದದ್ದೂ ಇದೇ ಕಾರಣಕ್ಕೆ.

1979ರಲ್ಲಿ ಅಮೆರಿಕದ ಸ್ಟೀಫನ್ ಏರಿಯನ್ ಇನ್ನೂ ಮುಂದೆ ಹೋದ. ಎದೆಯ ದೊಡ್ಡ ಸ್ನಾಯುವನ್ನು ಅದಕ್ಕೆ ರಕ್ತ ಕೊಡುವ ನಾಳದ ಸಮೇತ ಎತ್ತಿ, ಮೇಲಿನ ಚರ್ಮವನ್ನೂ ಅದರೊಂದಿಗೆ ಉಳಿಸಿ, ಕೊರಳೆಲುಬಿನ ಮೇಲಿಂದ ಚರ್ಮದಡಿಯಲ್ಲೇ ದಾಟಿಸಿ ಗಂಟಲಿಗೆ ತಂದ. ಒಂದೇ ಸಲಕ್ಕೆ ಕೆಲಸ ಮುಗಿಯುತ್ತಿತ್ತು. ಸೂಕ್ಷ್ಮದರ್ಶಕ ಬೇಡ, ಹಲವು ತಂಡಗಳು ಬೇಡ. ಬಾಯಿ-ಗಂಟಲಿನ ಕ್ಯಾನ್ಸರ್ ಹೆಚ್ಚಾಗಿರುವ, ಸೌಲಭ್ಯ ಕಡಿಮೆ ಇರುವ ಭಾರತದಂಥ ದೇಶಕ್ಕೆ ಇದು ವರವಾಯಿತು. ನಮ್ಮ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ವೈದ್ಯರು ‘ಎದೆಯ ಫ್ಲಾಪ್ ಹಾಕಿದ್ದೇವೆ’ ಎನ್ನುವುದು ಇದನ್ನೇ. ಮುಂಗೈ ಅಥವಾ ತೊಡೆಯ ಚರ್ಮವನ್ನು ಪೂರ್ತಿ ಬೇರ್ಪಡಿಸಿ, ಕೂದಲೆಳೆಯಂಥ ದಾರದಿಂದ ಅದರ ರಕ್ತನಾಳಗಳನ್ನು ಕತ್ತಿನ ರಕ್ತನಾಳಗಳಿಗೆ ಹೊಲಿಯುವ ವಿಧಾನವೂ ಈಗ ದೊಡ್ಡ ಕೇಂದ್ರಗಳಲ್ಲಿ ನಡೆಯುತ್ತಿದೆ.

ಶ್ವಾಸನಾಳ ಕಲಿಸಿದ ಕಠಿಣ ಪಾಠ

ಗಡ್ಡೆ ಶ್ವಾಸನಾಳದಲ್ಲೇ ಇದ್ದರೆ ಕೆಲಸ ಇನ್ನೂ ಕಷ್ಟ. ಸುಮಾರು 11 ಸೆಂಟಿಮೀಟರ್ ಉದ್ದದ ಈ ನಳಿಗೆ, ಮೃದು ಎಲುಬಿನ ಅರೆಬಳೆಗಳಿಂದ ಸದಾ ತೆರೆದೇ ಇರುತ್ತದೆ. ಒಳಗೋಡೆಯ ಸೂಕ್ಷ್ಮ ರೋಮಗಳು ಧೂಳು, ಕಫವನ್ನು ಎಡೆಬಿಡದೆ ಮೇಲಕ್ಕೆ ತಳ್ಳುತ್ತಿರುತ್ತವೆ. ಎರಡು ಸೆಂಟಿಮೀಟರಿಗಿಂತ ಹೆಚ್ಚು ಕತ್ತರಿಸಿದರೆ ತುದಿಗಳನ್ನು ಕೂಡಿಸಲಾಗದು ಎಂದು 1950ರ ಸುಮಾರಿಗೆ ನಂಬಿದ್ದರು. ಬಾಸ್ಟನ್ನಿನ ಹರ್ಮಿಸ್ ಗ್ರಿಲ್ಲೊ 1960ರ ದಶಕದಲ್ಲಿ ಶವಗಳ ಮೇಲೆ ಅಭ್ಯಾಸ ಮಾಡಿ, ಸುತ್ತಲಿನ ಅಂಗಾಂಶವನ್ನು ಸಡಿಲಿಸಿ ಕತ್ತನ್ನು ಬಾಗಿಸಿದರೆ ದೊಡ್ಡವರಲ್ಲಿ ಹೆಚ್ಚುಕಡಿಮೆ ಅರ್ಧ ಶ್ವಾಸನಾಳವನ್ನೇ ತೆಗೆದು ತುದಿಗಳನ್ನು ಹೊಲಿಯಬಹುದೆಂದು ತೋರಿಸಿದ. ರೋಗಿ ಮರೆತು ತಲೆ ಎತ್ತಿದರೆ ಹೊಲಿಗೆ ಹರಿದೀತೆಂದು ಗದ್ದವನ್ನು ಎದೆಗೆ ಒಂದು ದಪ್ಪ ದಾರದಿಂದ ಹೊಲಿದು ಕೆಲವು ದಿನ ಬಿಡುವ ಪದ್ಧತಿಯೂ ಬಂತು. ನೋಡಲು ಕ್ರೂರ, ಆದರೆ ಜೀವ ಉಳಿಸುವ ಹೊಲಿಗೆ.

ಅರ್ಧಕ್ಕಿಂತ ಹೆಚ್ಚು ಹೋದವರಿಗೆ ಏನು ಮಾಡುವುದು? ಈ ಪ್ರಶ್ನೆ ವೈದ್ಯಲೋಕವನ್ನು ಒಂದು ದೊಡ್ಡ ದುರಂತಕ್ಕೆ ಒಯ್ದಿತು. 2011ರಲ್ಲಿ ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಪಾವೊಲೊ ಮಕ್ಕಿಯಾರಿನಿ ಎಂಬ ಶಸ್ತ್ರವೈದ್ಯ, ಶ್ವಾಸನಾಳದ ಗಡ್ಡೆಯಿದ್ದ ಒಬ್ಬ ವಿದ್ಯಾರ್ಥಿಗೆ ಪ್ಲಾಸ್ಟಿಕ್ ನಳಿಗೆಯನ್ನು ರೋಗಿಯದೇ ಕಾಂಡಕೋಶಗಳಲ್ಲಿ ಅದ್ದಿ ಹಾಕಿದ. ಅದು ಜೀವಂತ ಅಂಗವಾಗಿ ಬೆಳೆಯುತ್ತದೆ ಎಂದು ಲೋಕಕ್ಕೆ ಸಾರಿದ. ಬೆಳೆಯಲಿಲ್ಲ. ರಕ್ತ ಹರಿಯದ ನಳಿಗೆಗೆ ಜೀವ ಬರಲು ಸಾಧ್ಯವಿಲ್ಲ ಎಂದು ಬೆಲ್ಜಿಯಂನ ಶಸ್ತ್ರವೈದ್ಯ ಪಿಯರ್ ಡೆಲಾರೆ ಎಚ್ಚರಿಸಿದ್ದರು. ಅವರ ಮಾತನ್ನು ಬಹುಕಾಲ ಯಾರೂ ಕೇಳಲಿಲ್ಲ. ಕರೋಲಿನ್ಸ್ಕಾದಲ್ಲಿ ಇಂಥ ನಳಿಗೆ ಹಾಕಿಸಿಕೊಂಡ ಮೂವರೂ ತೀರಿಕೊಂಡರು. ‘ಲ್ಯಾನ್ಸೆಟ್’ ಪತ್ರಿಕೆ ಲೇಖನಗಳನ್ನು ಹಿಂತೆಗೆದುಕೊಂಡಿತು. 2023ರಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯ ಆತನಿಗೆ ಎರಡೂವರೆ ವರ್ಷದ ಸೆರೆವಾಸ ವಿಧಿಸಿತು.

ತೊಟ್ಟಿನಲ್ಲಿ ರಕ್ತ ಹರಿಯುತ್ತಿರಬೇಕೆಂದು ಪುಣೆಯ ಕುಶಲಕರ್ಮಿಗೆ ಅನುಭವದಿಂದ ಗೊತ್ತಿತ್ತು. ಜಗತ್ತಿನ ಅತ್ಯಂತ ಪ್ರತಿಷ್ಠಿತ ಸಂಸ್ಥೆಯೊಂದು ಅದನ್ನೇ ಕಡೆಗಣಿಸಿತು. ಈ ಇತಿಹಾಸದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವ ಅಧ್ಯಾಯ ಇದು.

ಕಳೆದುಹೋದ ದನಿ

ಉಸಿರು ಸಿಕ್ಕಿತು, ಅನ್ನ ಇಳಿಯಿತು. ದನಿ? ಅನ್ನನಾಳಕ್ಕೆ ಗಾಳಿ ನುಂಗಿ ತೇಗಿನಂತೆ ಮಾತಾಡುವುದನ್ನು ಕೆಲವರು ಕಲಿತರು. ಎಲ್ಲರಿಗೂ ಅದು ಬಾರದು. 1930ರ ದಶಕದ ಆರಂಭದಲ್ಲಿ ಅಮೆರಿಕದ ಒಬ್ಬ ರೋಗಿ ಕಾಯಿಸಿದ ಮೊನೆಯಿಂದ ತನ್ನ ಶ್ವಾಸನಾಳ ಮತ್ತು ಅನ್ನದ ದಾರಿಯ ನಡುವೆ ತಾನೇ ತೂತು ಮಾಡಿಕೊಂಡ. ಕತ್ತಿನ ತೂತಿಗೆ ಬೆರಳು ಒತ್ತಿ ಉಸಿರು ಬಿಟ್ಟರೆ ಗಾಳಿ ಗಂಟಲಿಗೆ ಹೋಗಿ ಮಾತು ಹೊರಟಿತು. ಅವನ ವೈದ್ಯ ಗುಟ್‌ಮನ್ ಅದನ್ನು ವರದಿ ಮಾಡಿದ. ಮಾತಿಗಾಗಿ ಮನುಷ್ಯ ಎಷ್ಟು ಹಂಬಲಿಸುತ್ತಾನೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆ ತೂತಿನಿಂದ ನೀರು, ಅನ್ನ ಶ್ವಾಸನಾಳಕ್ಕೆ ಇಳಿಯದಂತೆ ತಡೆಯುವುದೇ ಉಳಿದ ಸಮಸ್ಯೆಯಾಗಿತ್ತು. ಅಮೆರಿಕದ ವಾಕ್ ಚಿಕಿತ್ಸಕ ಎರಿಕ್ ಬ್ಲಾಮ್ ಮತ್ತು ಶಸ್ತ್ರವೈದ್ಯ ಮಾರ್ಕ್ ಸಿಂಗರ್ 1980ರಲ್ಲಿ ಪ್ರಕಟಿಸಿದ ವಿಧಾನ ಅದನ್ನು ಬಗೆಹರಿಸಿತು: ಗಾಳಿಯನ್ನು ಒಂದೇ ಕಡೆಗೆ ಬಿಡುವ ಪುಟ್ಟ ಕವಾಟ. 1990ರಲ್ಲಿ ನೆದರ್ಲೆಂಡ್ಸ್‌ನಿಂದ ಪ್ರೊವಾಕ್ಸ್ ಎಂಬ ಇನ್ನೊಂದು ಬಂತು. 2015ರ ಸುಮಾರಿಗೆ ಭಾರತದಲ್ಲಿ ಇವುಗಳ ಬೆಲೆ 15 ಸಾವಿರದಿಂದ 30 ಸಾವಿರ ರೂಪಾಯಿ ಇತ್ತು. ಒಮ್ಮೆ ಹಾಕಿದರೆ ಬದುಕಿಡೀ ಬಾಳುವಂಥದ್ದೂ ಅಲ್ಲ, ಆಗಾಗ ಬದಲಿಸಬೇಕು. ಕೂಲಿಯವನಿಗೆ ಎಲ್ಲಿಂದ ಬರಬೇಕು ಅಷ್ಟು ದುಡ್ಡು?

ಇದಕ್ಕೆ ಉತ್ತರ ಬೆಂಗಳೂರಿನಿಂದ ಬಂತು. ತಲೆ ಮತ್ತು ಕತ್ತಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್, ಗೆಳೆಯ ಶಶಾಂಕ್ ಮಹೇಶ್ ಅವರೊಂದಿಗೆ ಸೇರಿ ‘ಓಂ’ ಹೆಸರಿನ ಧ್ವನಿ ಸಾಧನವನ್ನು ರೂಪಿಸಿದರು. 2015ರಲ್ಲಿ ಅದು ನಾಡಿನ ಗಮನ ಸೆಳೆದಾಗ ಅದರ ಬೆಲೆ ಸುಮಾರು 50 ರೂಪಾಯಿ. ತತ್ತ್ವ ಅದೇ ಒಂದು ಕಡೆಯ ಕವಾಟ. ಬದಲಾದದ್ದು, ಅದು ಯಾರ ಕೈಗೆ ಎಟುಕಬೇಕು ಎಂಬ ಎಣಿಕೆ. ಗುಸೆನ್‌ಬೌರ್ ಆರಂಭಿಸಿದ ಕೆಲಸವನ್ನು ಬಡವನ ಮನೆಯ ಬಾಗಿಲಿಗೆ ತಂದ ಗೌರವ ಕನ್ನಡ ನಾಡಿನದು.

ಗಿಣಿಗೇರಾದಿಂದ ಹೊರಟವರು

ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ಹಾದಿಯಲ್ಲಿರುವ ಗಿಣಿಗೇರಾ ಇವತ್ತು ಉಕ್ಕಿನ ಊರು. ಸುತ್ತ ಕಬ್ಬಿಣದ ಕಾರ್ಖಾನೆಗಳು, ಗಂಗಾವತಿ-ಕಾರಟಗಿ ಕಡೆಗೆ ಹೊಸ ಹಳಿ ಕವಲೊಡೆಯುವ ರೈಲು ನಿಲ್ದಾಣ, ಪಾಳಿ ಮುಗಿಸಿ ಬರುವ ಕಾರ್ಮಿಕರು, ಅವರ ಜೇಬಿನಲ್ಲಿ ಬೀಡಿ, ತಂಬಾಕು. ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ಹೊಗೆಸೊಪ್ಪು ಮತ್ತು ಹೆಂಡ ಮುಖ್ಯ ಕಾರಣ. ಎರಡೂ ಸೇರಿದರೆ ಅಪಾಯ ಹಲವು ಪಟ್ಟು. ಕಬ್ಬಿಣ-ಉಕ್ಕಿನ ಎರಕದ ಕೆಲಸವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಶ್ವಾಸಕೋಶದ ಕ್ಯಾನ್ಸರಿನ ಕಾರಣಗಳಲ್ಲಿ ಸೇರಿಸಿದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಕೊಂಡು ಕಲಸಿಕೊಳ್ಳುವುದು ಮುಂದುವರಿದಿದೆ.

ಈ ಭಾಗದವರು ಕ್ಯಾನ್ಸರ್ ಎಂದರೆ ಹುಬ್ಬಳ್ಳಿ ರೈಲು ಹಿಡಿಯುತ್ತಾರೆ. ಅಲ್ಲಿನ ನವನಗರದಲ್ಲಿ ಡಾ. ಆರ್.ಬಿ. ಪಾಟೀಲರು ಕಟ್ಟಿದ ಕ್ಯಾನ್ಸರ್ ಆಸ್ಪತ್ರೆ ಉತ್ತರ ಕರ್ನಾಟಕಕ್ಕೆ ದೊಡ್ಡ ಆಸರೆ. ಇಲ್ಲವಾದರೆ ಬಳ್ಳಾರಿಯ ವೈದ್ಯಕೀಯ ಸಂಸ್ಥೆ; ಅಲ್ಲಿಂದ ಮುಂದಕ್ಕೆ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. ಬಯಾಪ್ಸಿ, ಸ್ಕ್ಯಾನ್, ಆಪರೇಷನ್, ಆಮೇಲೆ ವಾರಗಟ್ಟಲೆ ವಿಕಿರಣ ಚಿಕಿತ್ಸೆ, ಜನರ ಮಾತಿನಲ್ಲಿ ‘ಕರೆಂಟ್ ಕೊಡುವುದು’. ರೋಗಿಯ ಜತೆ ಮನೆಯ ಒಬ್ಬರು ಕೂಲಿ ಬಿಟ್ಟು ಇರಬೇಕು.

ದುಡ್ಡಿನ ಕಷ್ಟಕ್ಕೆ ಸರ್ಕಾರ ಕೈಹಾಕಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಭಾಗವೇ ಉದಾಹರಣೆ. ಬಿಪಿಎಲ್ ಕುಟುಂಬಗಳಿಗೆ ದೊಡ್ಡ ಆಸ್ಪತ್ರೆಯ ಚಿಕಿತ್ಸೆ ಉಚಿತವಾಗಿ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಗೆ ಬಂದದ್ದು ಕೊಪ್ಪಳ ಸೇರಿದ ಅಂದಿನ ಗುಲಬರ್ಗಾ ವಿಭಾಗದಲ್ಲಿ. ಯೋಜನೆ ಇದ್ದ ಮತ್ತು ಇಲ್ಲದ ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ಪಟ್ಟಿಯಲ್ಲಿದ್ದ ರೋಗಗಳಿಂದ ಆಗುವ ಸಾವು ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಶೇ. 64ರಷ್ಟು ಕಡಿಮೆ ಇತ್ತು. 2018ರಿಂದ ಇದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಭಾಗವಾಗಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ.

ಆದರೆ ಆಪರೇಷನ್ ಮುಗಿಸಿ ಊರಿಗೆ ಬಂದ ಮೇಲಿನ ಬದುಕು ಇನ್ನೊಂದು ಹೋರಾಟ. ಕತ್ತಿನ ತೂತಿನಿಂದ ಉಸಿರಾಡುವವರಿಗೆ ಮೂಗಿನ ಸೋಸುವಿಕೆ ಇಲ್ಲ, ತೇವ ಇಲ್ಲ. ಗಾಳಿಯಲ್ಲಿರುವ ಧೂಳೆಲ್ಲ ನೇರ ಶ್ವಾಸಕೋಶಕ್ಕೆ. ಕಾರ್ಖಾನೆಯ ಮಸಿ ಬೀಳುವ ಊರಿನಲ್ಲಿ ತೂತಿಗೆ ಒದ್ದೆ ತೆಳುಬಟ್ಟೆ ಇಲ್ಲವೇ ಫಿಲ್ಟರ್ ಇಲ್ಲದೆ ಹೊರಗೆ ಹೋಗುವಂತಿಲ್ಲ. ಸ್ನಾನದಲ್ಲಿ ನೀರು ಒಳಗಿಳಿಯದಂತೆ ನೋಡಿಕೊಳ್ಳಬೇಕು. ಕೆರೆ, ಕಾಲುವೆಯ ಈಜು ಮುಗಿದಂತೆ. ಅಡುಗೆಯ ವಾಸನೆ ಹಿಡಿಯುವುದು ಕಷ್ಟ. ಕವಾಟ ಸೋರಿದರೆ, ಕಟ್ಟಿಕೊಂಡರೆ, ಯಾರ ಬಳಿ ಹೋಗಬೇಕು? ಇದನ್ನು ನೋಡಿಕೊಳ್ಳಲು ಶಸ್ತ್ರವೈದ್ಯರೊಂದಿಗೆ ವಾಕ್ ಚಿಕಿತ್ಸಕರು ಬೇಕು. ಅಂಥವರನ್ನು ತರಬೇತು ಮಾಡುವ ದೇಶದ ಹಿರಿಯ ಸಂಸ್ಥೆಗಳಲ್ಲೊಂದಾದ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮದೇ ಮೈಸೂರಿನಲ್ಲಿದೆ. ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಹುಬ್ಬಳ್ಳಿ, ಬೆಂಗಳೂರಿನಲ್ಲಿ ಆಪರೇಷನ್ ಆದವರ ನಂತರದ ಆರೈಕೆ ಜಿಲ್ಲಾ ಕೇಂದ್ರದಲ್ಲೇ ವಾರಕ್ಕೊಂದು ದಿನವಾದರೂ ಸಿಗುವಂತೆ ಮಾಡುವುದು ಸರ್ಕಾರಕ್ಕೆ ಭಾರವಾಗಬಾರದು. ಸುತ್ತಲಿನ ಕಾರ್ಖಾನೆಗಳು ತಮ್ಮ ಕಾರ್ಮಿಕರ ಗಂಟಲು, ಶ್ವಾಸಕೋಶದ ತಪಾಸಣೆಯನ್ನು ವರ್ಷಕ್ಕೊಮ್ಮೆ ತಪ್ಪದೆ ಮಾಡಿಸಬೇಕು.

ಓದುಗರಲ್ಲಿ ನನ್ನ ಕೋರಿಕೆ ಒಂದೇ. ಮನೆಯಲ್ಲಿ ಯಾರದೇ ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ, ನುಂಗಲು ನೋವಾದರೆ, ಕತ್ತಿನಲ್ಲಿ ಗಂಟು ಸಿಕ್ಕರೆ, ಶೀತ ಎಂದು ಕಷಾಯ ಕುಡಿಸಿ ಕಾಯಬೇಡಿ. ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಸ್ವರತಂತುವಿನ ಕ್ಯಾನ್ಸರ್ ಮೊದಲ ಹಂತದಲ್ಲೇ ಸಿಕ್ಕರೆ ಬಹುಪಾಲು ಜನ ಗುಣವಾಗುತ್ತಾರೆ. ಧ್ವನಿಪೆಟ್ಟಿಗೆಯೂ ಉಳಿಯುತ್ತದೆ, ಏನನ್ನೂ ಮರಳಿ ಕಟ್ಟುವ ಪ್ರಮೇಯವೇ ಬರುವುದಿಲ್ಲ.